ಮೊಟ್ಟೆ ಮಗುಚಬಾರದು: ಅಂಡಮಾನ್ ತೀರದಲ್ಲಿ ಕಡಲಾಮೆ ಗೂಡು ಕಾಯುವ ಬಗೆ

ಮಧ್ಯ ಅಂಡಮಾನ್‌ನಲ್ಲಿ ರಂಗತ್ ಹತ್ತಿರದ ಕತ್‌ಬರ್ಟ್ ಬೇಯಂಥ ಮರಳದಂಡೆಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ನಮ್ಮ ಹೊನ್ನಾವರ, ಕುಂದಾಪುರದ ಕಡೆ ಬರುವುದೂ ಇದೇ ಜಾತಿ. ಭರತದ ಗೆರೆಗಿಂತ ಮೇಲಿರುವ ಗೂಡನ್ನು ನಾವು ಮುಟ್ಟುವುದಿಲ್ಲ. ನಾಯಿ, ಉಡಗಳ ಕಾಟವಿದ್ದರೆ ಅದರ ಮೇಲೆ ಒಂದು ಮೀಟರ್ ಚೌಕದ ಬಲೆಯನ್ನು ಮರಳಿನಡಿ ಹಾಸುತ್ತೇವೆ. ಬಲೆಯ ಕಣ್ಣು 8–10 ಸೆಂ.ಮೀ. ಇದ್ದರೆ ಮರಿ ಹೊರಬರಬಹುದು, ನಾಯಿಯ ಮೂತಿ ತೂರದು. ನೀರು ನುಗ್ಗುವ ಜಾಗದ ಗೂಡನ್ನು ಮಾತ್ರ ಹ್ಯಾಚರಿಗೆ, ಅಂದರೆ ಮೊಟ್ಟೆಗಳನ್ನು ಹೂತು ಮರಿಯಾಗುವತನಕ ಕಾಯುವ ಜಾಗಕ್ಕೆ, ಒಯ್ಯುವುದು. ಅದಕ್ಕೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಕಡಲಾಮೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯಿರುವ ಒಂದನೇ ಅನುಸೂಚಿಯಲ್ಲಿದೆ.

ರಾತ್ರಿ ಗಸ್ತಿಗೆ ಕೆಂಪು ಬೆಳಕಿನ ಟಾರ್ಚ್. ತೊರೆ ಸಮುದ್ರ ಸೇರುವ ಕಡೆ ಉಪ್ಪುನೀರಿನ ಮೊಸಳೆ ಇರುವುದರಿಂದ ಕತ್ತಲಲ್ಲಿ ಅಲ್ಲಿ ನೀರಿಗಿಳಿಯುವುದೇ ಇಲ್ಲ.

ಒಯ್ಯಲೇಬೇಕಾದ ಗೂಡನ್ನು ತಾಯಿ ಸಮುದ್ರಕ್ಕೆ ಮರಳಿದ ಮೇಲೆ ಕೈಯಿಂದಲೇ ತೆರೆಯುತ್ತೇವೆ. ಸಲಿಕೆ ತಾಗಿದರೆ ಮೊಟ್ಟೆಯ ಚಿಪ್ಪು ಹರಿಯುತ್ತದೆ. ಮೊಟ್ಟೆ ಇಟ್ಟ ಎರಡು ಗಂಟೆಯೊಳಗೆ ಸ್ಥಳಾಂತರ ಮುಗಿಯುವಂತೆ ನೋಡಿಕೊಳ್ಳುತ್ತೇವೆ. ಇದಕ್ಕೆ ಕಾರಣವಿದೆ. ಕೆಲವೇ ಗಂಟೆಗಳಲ್ಲಿ ಭ್ರೂಣ ಚಿಪ್ಪಿನ ಒಳಗೋಡೆಯ ಮೇಲ್ಭಾಗಕ್ಕೆ ಅಂಟಿಕೊಳ್ಳಲು ತೊಡಗುತ್ತದೆ. ಬಳಿಕ ಮೊಟ್ಟೆಯ ತಲೆಯ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ ಮೂಡುತ್ತದೆ. ಆ ಹಂತದಲ್ಲಿ ಮೊಟ್ಟೆ ಮಗುಚಿದರೆ ಒಳಪೊರೆ ಕಿತ್ತು ಭ್ರೂಣ ಸಾಯುತ್ತದೆ. ಹೊರಗಿನಿಂದ ನೋಡಿದರೆ ಮೊಟ್ಟೆ ಮಾತ್ರ ಹಾಗೇ ಇರುತ್ತದೆ. ಬೆಳಿಗ್ಗೆ ಸಿಕ್ಕ ಗೂಡನ್ನು ಎತ್ತಲೇಬೇಕಾಗಿ ಬಂದರೆ ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಮೆತ್ತನೆ ಪೆನ್ಸಿಲ್ ಗುರುತು ಹಾಕಿ, ಆ ಗುರುತು ಮೇಲೇ ಇರುವಂತೆ ಸಾಗಿಸಬೇಕು.

ರಿಡ್ಲೆ ಗೂಡಿನಲ್ಲಿ ಸಾಮಾನ್ಯವಾಗಿ 100–120 ಮೊಟ್ಟೆ. ಬಕೆಟ್ಟಿನ ತಳದಲ್ಲಿ ಅದೇ ಗೂಡಿನ ಒದ್ದೆ ಮರಳು ಹಾಕಿ, ಒಂದೊಂದನ್ನೇ ಎಣಿಸಿ ಜೋಡಿಸುತ್ತೇವೆ. ಹ್ಯಾಚರಿಯ ಗುಂಡಿಯೂ ತಾಯಿ ತೋಡಿದಂತೆಯೇ ಇರಬೇಕು: ಆಳ ಸುಮಾರು 45 ಸೆಂ.ಮೀ., ಬಾಯಿ 20, ತಳ 30, ಅಂದರೆ ಕೊಡದ ಆಕಾರ. ಮೊಟ್ಟೆಗಳ ಮೇಲೆ ಒದ್ದೆ ಮರಳನ್ನೇ ಹಾಕಬೇಕು. ಒಣ ಮರಳು ಸಂದುಗಳಿಗೆ ಇಳಿದರೆ ಗಾಳಿ ಆಡುವುದಿಲ್ಲ. ಕಾಲಿನಿಂದ ತುಳಿದು ಗಟ್ಟಿ ಮಾಡುವುದಂತೂ ಕೂಡದು. ಗೂಡುಗಳ ನಡುವೆ ಒಂದು ಮೀಟರ್ ಅಂತರ ಬೇಕು. ಗೂಟದ ಮೇಲೆ ದಿನಾಂಕ, ಮೊಟ್ಟೆಯ ಲೆಕ್ಕ ಬರೆಯುತ್ತೇವೆ. ಪ್ರತಿ ವರ್ಷ ಹ್ಯಾಚರಿಯ ಜಾಗ ಬದಲಿಸುತ್ತೇವೆ, ಇಲ್ಲವಾದರೆ ಹಳೆ ಚಿಪ್ಪಿನ ಬೂಷ್ಟು ಹೊಸ ಮೊಟ್ಟೆಗೆ ಹತ್ತುತ್ತದೆ.

ಮರಿಯ ಲಿಂಗ ನಿರ್ಧಾರವಾಗುವುದು ಮರಳಿನ ಬಿಸಿಯಿಂದ. ತಂಪಾದಷ್ಟೂ ಗಂಡು, 31 ಡಿಗ್ರಿ ದಾಟಿದರೆ ಬಹುಪಾಲು ಹೆಣ್ಣು, 35ರ ಆಸುಪಾಸು ಬಹಳ ಹೊತ್ತು ನಿಂತರೆ ಸಾವು. ಗೂಡಿನಾಳಕ್ಕೆ ತಾಪಮಾಪಕ ಇಳಿಸಿ ದಿನವೂ ಬರೆದಿಡಬೇಕು. ಏರುತ್ತಾ ಹೋದರೆ ತೆಂಗಿನ ಗರಿಯ ಚಪ್ಪರ ಸಾಕು. ಆದರೆ ಇಡೀ ಹ್ಯಾಚರಿಗೆ ದಟ್ಟ ನೆರಳು ಕೊಟ್ಟರೆ ಗಂಡುಗಳೇ ಹೆಚ್ಚಾಗುತ್ತವೆ. ಅದಕ್ಕೇ ನಾವು ಅರ್ಧಕ್ಕಷ್ಟೇ ಚಪ್ಪರ ಹಾಕುತ್ತೇವೆ.

45ನೇ ದಿನದಿಂದ ಗೂಡಿನ ಮೇಲೆ ಬುಟ್ಟಿ ಕವುಚಿ, ರಾತ್ರಿ ಗಂಟೆಗೊಮ್ಮೆ ನೋಡುತ್ತೇವೆ. ಬಂದ ಮರಿಗಳನ್ನು ಆಗಲೇ ಬಿಡಬೇಕು. ಬೆಳಗಿನ ಫೋಟೋಗೆಂದು ತೊಟ್ಟಿಯಲ್ಲಿ ಇಟ್ಟುಕೊಂಡರೆ ಅವು ಮೊದಲ ರಾತ್ರಿ ದಡ ಬಿಟ್ಟು ದೂರ ಈಜಲು ಬೇಕಾದ ಕಸುವನ್ನು ಅಲ್ಲೇ ಕಳೆದುಕೊಳ್ಳುತ್ತವೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ. ನೀರಿಗೆ ಹಾಕದೆ, ಹತ್ತು ಮೀಟರ್ ಹಿಂದೆ ಬಿಟ್ಟು ತಾವೇ ತೆವಳಲು ಬಿಡಬೇಕು. ಪ್ರತಿ ಸಲ ಒಂದೇ ಜಾಗದಲ್ಲಿ ಬಿಟ್ಟರೆ ಮೀನುಗಳು ಅಲ್ಲೇ ಕಾದಿರುತ್ತವೆ.

ಮೂರು ದಿನ ಬಿಟ್ಟು ಗೂಡು ಬಗೆದು ಚಿಪ್ಪು ಎಣಿಸುತ್ತೇವೆ, ಒಡೆಯದ ಮೊಟ್ಟೆಗಳನ್ನು ಬಿಡಿಸಿ ನೋಡುತ್ತೇವೆ. ಕಣ್ಣಿನ ಚುಕ್ಕೆಯಷ್ಟೇ ಮೂಡಿದ ಭ್ರೂಣಗಳು ತುಂಬ ಸಿಕ್ಕರೆ ಸಾಗಿಸುವಾಗ ನಮ್ಮ ಕೈ ತಪ್ಪಿರಬಹುದು. ಪೂರ್ತಿ ಬೆಳೆದು ಸತ್ತಿದ್ದರೆ ಬಿಸಿ ಅಥವಾ ನೀರು ನಿಂತದ್ದನ್ನು ಶಂಕಿಸಬೇಕು. ತಾಪದ ಪುಸ್ತಕ ತೆಗೆದು ಹೋಲಿಸಿದರೆ ತಿಳಿಯುತ್ತದೆ. ಉಳಿದ ಚಿಪ್ಪುಗಳನ್ನು ಹ್ಯಾಚರಿಯಿಂದ ದೂರ, ಆಳವಾಗಿ ಹೂಳಬೇಕು. ಇಲ್ಲವಾದರೆ ವಾಸನೆ ಹಿಡಿದು ಉಡ, ಇರುವೆಗಳು ಪಕ್ಕದ ಗೂಡಿಗೆ ಬರುತ್ತವೆ.