ಹವಾಯಿಯ ಮರ್ತುಹೋದ ಸೋಲ್ ಹಾಡುಗಳನ್ನ ಶಿರಸಿಯಲ್ಲಿ ಕೂತು ಹುಡುಕೋದು ಹೆಂಗೆ

ಹವಾಯಿ ಅಂದ್ರೆ ನಮ್ಮ ಕಡೆ ಹಳಬರಿಗೆ ನೆನಪಾಗೋದು ರೇಡಿಯೋದಲ್ಲಿ ಬರ್ತಿದ್ದ ಹವಾಯಿಯನ್ ಗಿಟಾರ್, ಹಿಂದಿ ಹಾಡಿನ ಟ್ಯೂನು. ನಾ ಹೇಳ್ತಿರೋದು ಅದಲ್ಲ. 1970ರ ದಶಕದ ನಡುವಿಂದ 80ರ ದಶಕದ ನಡುವಿನ ತನಕ ಅಲ್ಲಿನ ರಾಜಧಾನಿ ಹೊನೊಲುಲುವಿನ ಹುಡುಗ್ರು ಸೋಲ್ (ಅಮೆರಿಕದ ಕಪ್ಪುಜನರ ಭಾವ ತುಂಬಿದ ಹಾಡಿನ ಶೈಲಿ), ಅದರದ್ದೇ ತಾಳದ ಅಬ್ಬರದ ಫಂಕ್, ಜಾಜ್, ಪಾಪ್ ಎಲ್ಲ ಸೇರಿಸಿ ರೆಕಾರ್ಡ್ ಮಾಡಿದ್ರು, ಸುಮಾರು ಜನ ಸಣ್ಣ ಲೇಬಲ್‌ನಲ್ಲಿ, ಅಂದ್ರೆ ರೆಕಾರ್ಡ್ ಕಂಪನಿಯಲ್ಲಿ, ಇಲ್ಲಾ ಸ್ವಂತ ದುಡ್ಡಲ್ಲಿ, ಪ್ರತಿಗಳೂ ಕಮ್ಮಿ, ಹಂಗಾಗಿ ಹೆಚ್ಚಿನವು ದ್ವೀಪ ದಾಟಿ ಹೊರಗೆ ಹೋಗ್ಲೇ ಇಲ್ಲ.

ಶುರು ಮಾಡೋಕೆ ಒಂದೇ ಆಲ್ಬಂ ಸಾಕು. ಸ್ಟ್ರಟ್ ಅನ್ನೋ ಲೇಬಲ್ 2016ರಲ್ಲಿ 'ಅಲೋಹ ಗಾಟ್ ಸೋಲ್' ಅಂತ ಒಂದು ಸಂಕಲನ ತಂತು, 1979ರಿಂದ 85ರ ತನಕದ ಹಾಡುಗಳು. ಅದನ್ನ ಆಯ್ದು ಜೋಡಿಸಿದ್ದು ಹೊನೊಲುಲುವಿನ ರೋಜರ್ ಬಾಂಗ್, ಸಂಕಲನದ ಹೆಸರಲ್ಲೇ ಅವರದ್ದೊಂದು ಲೇಬಲ್ಲೂ ಇದೆ. ಮೈಕ್ ಲಂಡಿಯ 1980ರ 'ದ ರಿದಮ್ ಆಫ್ ಲೈಫ್' ಮತ್ತೆ ಸಿಗೋ ಹಂಗಾಗಿದ್ದು ಅವರಿಂದ್ಲೇ. ಹಾಡು ಕೇಳಿ ಕೊಳ್ಳೋ ವೆಬ್‌ಸೈಟ್ ಬ್ಯಾಂಡ್‌ಕ್ಯಾಂಪ್‌ನಲ್ಲಿ ಮೊದ್ಲು ಕೇಳಿ, ಇಷ್ಟ ಆದ್ರೆ ಆಮೇಲೆ ದುಡ್ಡು ಕೊಡಿ. ಡೌನ್‌ಲೋಡ್ ಮಾಡಿಟ್ಕೊಳ್ಳಿ ಮತ್ತೆ, ದೇವಿಮನೆ ಘಟ್ಟ ಇಳಿಯುವಾಗ ನೆಟ್‌ವರ್ಕ್ ನಂಬ್ಕೊಂಡು ಕೂತ್ರೆ ಹಾಡು ಅರ್ಧಕ್ಕೇ ನಿಲ್ತದೆ.

ಇನ್ನು ಅಸಲಿ ಕೆಲಸ. ಬರೀ 'ಹವಾಯಿ ಸೋಲ್' ಅಂತ ಸರ್ಚ್ ಹೊಡೆದ್ರೆ ಸುತ್ತಿ ಸುತ್ತಿ ಅದೇ ಹತ್ತು ಹಾಡು ಬರ್ತವೆ ಮಾರಾಯ್ರೆ. ಹಾಡು ಬಿಡಿ, ನುಡಿಸಿದವ್ರ ಹೆಸರು ಹಿಡೀರಿ. ನಮ್ಮಲ್ಲಿ ಯಕ್ಷಗಾನದ ಆಟದ ಹುಚ್ಚಿದ್ದವ್ರು ಈ ವರ್ಷ ಆ ಭಾಗವತರು ಯಾವ ಮೇಳ, ಮದ್ದಳೆಗೆ ಯಾರು ಅಂತ ಬೆನ್ನು ಹತ್ತಿ ಹೋಗ್ತಾರಲ್ಲ, ಥೇಟ್ ಹಂಗೆ. ರೆಕಾರ್ಡುಗಳ ವಿವರ ಪಟ್ಟಿ ಮಾಡಿರೋ ಡಿಸ್ಕಾಗ್ಸ್ ವೆಬ್‌ಸೈಟಿಗೆ ಹೋಗಿ ಒಂದು ಆಲ್ಬಂ ತೆಗೆದು ಕವರ್ ಹಿಂದಿನ ಫೋಟೋ ದೊಡ್ಡದು ಮಾಡಿ ಓದಿ, ಕೀಬೋರ್ಡ್ ಯಾರು, ಡ್ರಮ್ಸ್ ಯಾರು, ಅರೇಂಜ್ ಮಾಡಿದ್ದು ಯಾರು, ಆ ಹೆಸರು ಅಲ್ಲೇ ಹುಡುಕಿ ಒತ್ತಿದ್ರೆ ಅವ್ರು ಕೈ ಹಾಕಿದ ಬೇರೆ ಆಲ್ಬಂಗಳ ಪಟ್ಟಿ ಬರ್ತದೆ.

ಉದಾಹರಣೆಗೆ ಕಲಾಪನಾ ಅನ್ನೋ ಬ್ಯಾಂಡ್ ತಗೊಳ್ಳಿ, ಮೊದಲ ಆಲ್ಬಂ 1975ರದ್ದು, ಅಲ್ಲಿ ದೊಡ್ಡ ಹೆಸರು, ಅದೇನು ಮರ್ತುಹೋದ ಬ್ಯಾಂಡ್ ಅಲ್ಲ. ಆದ್ರೆ ಅದರ ಕೀಬೋರ್ಡಿನ ಕರ್ಕ್ ಥಾಂಪ್ಸನ್ ಹೆಸರು ಹಿಡಿದು ಹೋದ್ರೆ 1978ರ 'ಲೆಮೂರಿಯಾ' ಸಿಗ್ತದೆ, ಸೋಲ್ ಜಾಜ್ ಎರಡೂ ಬೆರೆತದ್ದು, ನನ್ನ ಕೇಳಿದ್ರೆ ಕಲಾಪನಾಗಿಂತ ಒಂದು ಕೈ ಮೇಲೆ. ಅದೇ ಬ್ಯಾಂಡಿನ ಮ್ಯಾಕಿ ಫಿಯರಿ ಹೆಸರು ಹಿಡಿದ್ರೆ ಅವ್ರದ್ದೇ ಮ್ಯಾಕಿ ಫಿಯರಿ ಬ್ಯಾಂಡ್. ಊರು ಸಣ್ಣದು, ಸ್ಟುಡಿಯೋ ಬೆರಳೆಣಿಕೆಯಷ್ಟು, ಹಂಗಾಗಿ ಒಬ್ಬರನ್ನ ಹಿಡಿದ್ರೆ ನಾಲ್ಕು ಜನ ಸಿಗ್ತಾರೆ. ಔರಾ ಅಂತ ಇನ್ನೊಂದಿದೆ, 1979ರದ್ದು, ಮೆಂಡೋಜಾ ಮನೆಯ ಅಣ್ಣ ತಮ್ಮ ಅಕ್ಕ ತಂಗಿ ಸೇರಿ ಮಾಡಿದ್ದು, ಆ ಹಾರ್ನ್ಸ್, ಅಂದ್ರೆ ಊದುವ ವಾದ್ಯಗಳು, ಕೇಳಿ ಒಮ್ಮೆ. ನೊಹೆಲಾನಿ ಸಿಪ್ರಿಯಾನೋ ಬಿಡ್ಬೇಡಿ, ಗಂಡಸರದ್ದೇ ಜಾತ್ರೆ ಇರೋ ಪಟ್ಟಿಯಲ್ಲಿ ಆ ದನಿ ಬೇರೇನೇ.

ಹುಡುಕುವಾಗ ಎರಡು ಸಣ್ಣ ಉಪಾಯ. ಹವಾಯಿ ಹೆಸರುಗಳ ನಡುವೆ ಒಂದು ತಲೆಕೆಳಗಾದ ಅಲ್ಪವಿರಾಮದ ಥರದ ಚಿಹ್ನೆ (ʻ) ಇರ್ತದೆ, ಅದಿಟ್ಟು ಒಮ್ಮೆ ಇಡದೆ ಒಮ್ಮೆ ಹುಡುಕಿ. ಮತ್ತೆ ಜಪಾನಿನವ್ರಿಗೆ ಈ ಸಂಗೀತದ ಮೇಲೆ ಪ್ರೀತಿ ಜಾಸ್ತಿ, ಬೇರೆಲ್ಲೂ ಸಿಗದ್ದನ್ನ ಅವ್ರು ಸಿಡಿ ಮಾಡಿರ್ತಾರೆ, ಡಿಸ್ಕಾಗ್ಸ್‌ನಲ್ಲಿ ಜಪಾನಿ ಲಿಪಿಯ ಹೆಸರಿದ್ರೆ ಕಾಪಿ ಮಾಡಿ ಯೂಟ್ಯೂಬಲ್ಲಿ ಹಾಕಿ ನೋಡಿ.

ಎಲ್‌ಪಿ ತರಿಸ್ತೀರಾದ್ರೆ ರೀಇಶ್ಯೂ, ಅಂದ್ರೆ ಈಚೆಗೆ ಮತ್ತೆ ಅಚ್ಚು ಹಾಕಿದ್ದು, ತಗೊಳ್ಳಿ, ಅಡ್ಡಿಲ್ಲ. ಒರಿಜಿನಲ್ ರೇಟು ಕೇಳಿದ್ರೆ ತಲೆ ತಿರುಗ್ತದೆ, ಮೇಲಿಂದ ಸಾಗಣೆ, ಕಸ್ಟಮ್ಸ್ ಬೇರೆ. ಬಂದ ಮೇಲೆ ನಮ್ಮ ಮಳೆಗಾಲ ಅನ್ನೋದೊಂದಿದೆಯಲ್ಲ, ಕಾರವಾರ ಕುಮಟಾ ಕಡೆ ಜೂನ್ ಬಂದ್ರೆ ಚಪ್ಪಲಿಗೂ ಬೂಷ್ಟು, ರೆಕಾರ್ಡಿನ ಕವರ್ ಬಿಡ್ತದಾ? ಹೊರಗಿನ ಬಿಗಿ ಪ್ಲಾಸ್ಟಿಕ್ ಕಿತ್ತು ಬಿಸಾಕಿ, ತೇವ ಒಳಗೇ ಕೂರ್ತದೆ. ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ, ಹೊರಗೋಡೆಗೆ ತಾಗಿಸಬೇಡಿ. ಬೂಷ್ಟು ಬಂದ್ರೆ ಡಿಸ್ಟಿಲ್ಡ್ ವಾಟರ್‌ಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತಗಿನ ಬಟ್ಟೆಯಲ್ಲಿ ಗೆರೆ ಹೋದ ದಿಕ್ಕಿಗೇ ಒರೆಸಿ, ನಡುವಿನ ಕಾಗದದ ಚೀಟಿಗೆ ನೀರು ತಾಗಬಾರ್ದು. ಅದೇ ಉಮೇದಿನಲ್ಲಿ ಅಟ್ಟದ ಮೇಲಿನ ಅಜ್ಜನ ಕಾಲದ 78ರ ಪ್ಲೇಟುಗಳಿಗೆ ಮಾತ್ರ ಆಲ್ಕೋಹಾಲ್ ಹಚ್ಚಬೇಡಿ, ಅವು ಅರಗಿನವು, ಕರಗಿಹೋಗ್ತವೆ.