ಗೌಟ್ ಅಟ್ಯಾಕ್ ಬಂದ ರಾತ್ರಿಗೆ ಒಂದು ಮಾತ್ರೆ, ಆಮೇಲಕ್ಕೆ ಇನ್ನೊಂದು (ನನ್ನ ಅನುಭವ)

ನಂಗೆ ಗೌಟ್ (ಯೂರಿಕ್ ಆಸಿಡ್ ಹರಳು ಕೀಲಲ್ಲಿ ಕೂತು ಬರೋ ಊತ, ನೋವು) ಅಟ್ಯಾಕ್ ಬರೋದು ಹೆಚ್ಚಾಗಿ ಮಧ್ಯರಾತ್ರಿ ಮೇಲೇನೇ, ಹೆಬ್ಬೆರಳಿನ ಬುಡ ಚುರುಚುರು ಅಂತ ಶುರುವಾದ ಕೂಡ್ಲೇ ಡಾಕ್ಟರ್ ಮೊದ್ಲೇ ಬರ್ಕೊಟ್ಟಿರೋ ಕೋಲ್ಚಿಸಿನ್ ಅನ್ನೋ ಗೌಟ್ ಊತ ಇಳಿಸೋ ಮಾತ್ರೆ ತಗೊಂಡ್ಬಿಡ್ತೀನಿ, ಬೆಳಗ್ಗೆ ನೋಡೋಣ ಅಂತ ಕಾಯಲ್ಲ, ಯಾಕಂದ್ರೆ ಅದು ಬೇಗ ತಗೊಂಡಷ್ಟೂ ಚೆನ್ನಾಗಿ ಕೆಲ್ಸ ಮಾಡುತ್ತೆ. ಹೇಳಿದ್ದಕ್ಕಿಂತ ಜಾಸ್ತಿ ನುಂಗಿದ್ರೆ ನೋವೇನೂ ಬೇಗ ಹೋಗಲ್ಲ, ಭೇದಿ ಮಾತ್ರ ಬೇಗ ಶುರುವಾಗುತ್ತೆ. ಕಿಡ್ನಿ ತೊಂದ್ರೆ ಇರೋರು, ಕ್ಲಾರಿಥ್ರೋಮೈಸಿನ್ ಥರದ ಆಂಟಿಬಯೋಟಿಕ್ ನಡೀತಿರೋರು ಡಾಕ್ಟರ್‌ನ ಕೇಳ್ದೆ ಇದನ್ನ ಮುಟ್ಲೇಬಾರ್ದು, ಐಬುಪ್ರೊಫೆನ್ ಥರದ ಪೇನ್‌ಕಿಲ್ಲರ್ ಕೂಡ ಕಿಡ್ನಿ ತೊಂದ್ರೆ ಇರೋರಿಗೆ ಒಳ್ಳೇದಲ್ಲ. ಆಮೇಲೆ ಬಟ್ಟೆಲಿ ಸುತ್ತಿದ ಐಸ್, ದಿಂಬಿನ ಮೇಲೆ ಕಾಲು, ಹೊದಿಕೆ ಬೆರಳಿಗೆ ಸೋಕಬಾರ್ದು ಅಷ್ಟೇ. ತಿಕ್ಕಿ ಕೊಡ್ತೀನಿ ಅಂತ ಯಾರಾದ್ರೂ ಬಂದ್ರೆ ಬೈದು ಕಳಿಸ್ತೀನಿ.

ಇದೆಲ್ಲ ಬರೀ ಬೆಂಕಿ ಆರಿಸೋ ಕೆಲ್ಸ. ಯೂರಿಕ್ ಆಸಿಡ್ ಡೆಸಿಲೀಟರಿಗೆ 6.8 ಮಿಲಿಗ್ರಾಂ ಆಸುಪಾಸು ದಾಟಿದ್ರೆ ರಕ್ತದಲ್ಲಿ ಕರಗಿರೋಕಾಗ್ದೆ ಹರಳಾಗಿ ಕೀಲಲ್ಲಿ ಕೂರೋಕೆ ಶುರುವಾಗುತ್ತೆ, 6ರ ಕೆಳಗೇ ಇಟ್ರೆ ಕೂತಿರೋದೂ ನಿಧಾನಕ್ಕೆ ಕರಗುತ್ತೆ. ಅದಕ್ಕೆ ನಂಗೆ ಯೂರಿಕ್ ಆಸಿಡ್ ಇಳಿಸೋ ಅಲೋಪ್ಯೂರಿನಾಲ್ ಮಾತ್ರೆ, 100 ಮಿಲಿಗ್ರಾಂನಿಂದ ಶುರು ಮಾಡಿ ಬ್ಲಡ್ ಟೆಸ್ಟ್ ನೋಡ್ತಾ ನೋಡ್ತಾ ಏರಿಸಿದ್ರು. ಇದು ನೋವಿನ ಮಾತ್ರೆ ಅಲ್ವೇ ಅಲ್ಲ, ಹಾಗೆ ನೋಡಿದ್ರೆ ಮೊದಮೊದ್ಲು ಹಳೇ ಹರಳು ಕದಲಿ ಅಟ್ಯಾಕ್ ಇನ್ನೂ ಜಾಸ್ತಿ ಬರಬಹ್ದು, ಅದಕ್ಕೇ 3ರಿಂದ 6 ತಿಂಗಳು ಜೊತೇಲಿ ಸಣ್ಣ ಡೋಸ್ ಕೋಲ್ಚಿಸಿನ್ ಕೊಡ್ತಾರೆ. ಸುಮಾರು ಜನ "ಈ ಮಾತ್ರೆ ನಂಗೆ ಆಗಿ ಬರಲ್ಲ" ಅಂತ ಬಿಡೋದು ಇದೇ ಟೈಮಲ್ಲಿ, ನಾನಂತೂ ಅಟ್ಯಾಕ್ ಮಧ್ಯದಲ್ಲೂ ನಿಲ್ಸಲ್ಲ. ಮೈಮೇಲೆ ದದ್ದು ಎದ್ರೆ ಮಾತ್ರ ಆಗ್ಲೇ ನಿಲ್ಸಿ ಡಾಕ್ಟರ್‌ನ ನೋಡ್ಬೇಕು, ಅಪರೂಪ ಆದ್ರೂ ಆ ರಿಯಾಕ್ಷನ್ ಬಹಳ ಅಪಾಯ.

ಟೆಸ್ಟ್ ಬಗ್ಗೆ ಒಂದು ಮಾತು, ಅಟ್ಯಾಕ್ ನಡೀತಿರುವಾಗ ಯೂರಿಕ್ ಆಸಿಡ್ ನಾರ್ಮಲ್ ಅಂತ ರಿಪೋರ್ಟ್ ಬರಬಹ್ದು, ಅದನ್ನ ನೋಡಿ ಗೌಟೇ ಅಲ್ಲ ಅಂದ್ಕೋಬೇಡಿ, ಊತ ಇಳಿದು 2 ವಾರ ಆದ್ಮೇಲೆ ಮತ್ತೆ ಮಾಡಿಸ್ಬೇಕು.

ಪಥ್ಯ ಅಂದ್ರೆ ಬಿಯರ್, ಸಕ್ಕರೆ ಸುರಿದ ಕೂಲ್‌ಡ್ರಿಂಕ್ಸ್, ಲಿವರ್ ಥರದ ಮಾಂಸ ಬಿಟ್ಟೆ. ಬೇಳೆ ಸೊಪ್ಪಿಗೆ ಹೆದರೋದು ಬಿಟ್ಟಿದೀನಿ, ಅದ್ರಲ್ಲಿರೋ ಪ್ಯೂರಿನ್ (ಮೈಯಲ್ಲಿ ಯೂರಿಕ್ ಆಸಿಡ್ ಆಗೋ ಅಂಶ) ಅಷ್ಟು ಕಾಟ ಕೊಡಲ್ಲ. ಆದ್ರೆ ಬರೀ ಪಥ್ಯದಿಂದ ನಂಬರ್ ಇಳಿಯೋದು ಸ್ವಲ್ಪಾನೇ. ಬಿಪಿಗೆ ಮೂತ್ರ ಹೋಗೋ ಮಾತ್ರೆ ತಗೋತಿದ್ರೆ ಅದೂ ಯೂರಿಕ್ ಆಸಿಡ್ ಏರಿಸುತ್ತೆ, ಬದಲಾಯಿಸೋಕಾಗುತ್ತಾ ಅಂತ ಡಾಕ್ಟರ್‌ನ ಕೇಳಿ, ನೀವೇ ನಿಲ್ಸಬೇಡಿ.

ಮತ್ತೆ ಕೀಲು ಕೆಂಪಾಗಿ ಊದ್ಕೊಂಡು ಜೊತೆಗೆ ಚಳಿಜ್ವರಾನೂ ಬಂದ್ರೆ ಮನೇಲಿ ಕೂತು ಗೌಟ್ ಅಂತ ಮಾತ್ರೆ ನುಂಗಬೇಡಿ, ಕೀಲಿಗೆ ಇನ್‌ಫೆಕ್ಷನ್ ಆಗಿದ್ರೂ ಹೀಗೇ ಇರುತ್ತೆ, ಅವತ್ತೇ ಆಸ್ಪತ್ರೆಗೆ ಹೋಗಿ.