ಎಕ್ಸ್‌ರೇಗಿಂತ ಮೊದಲು ನಡಿಗೆ: ಮೊಣಗಂಟು ನೋವಿನೊಂದಿಗೆ ನನ್ನ ಅನುಭವ

ಉಡುಪಿಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಎಕ್ಸ್‌ರೇ ಲಕೋಟೆಯನ್ನು ಮೇಜಿನ ಮೇಲಿಟ್ಟು, "ಗಂಟು ಸವೆದಿದೆಯಂತೆ" ಎಂದೇ ಮಾತು ಆರಂಭಿಸುತ್ತಾರೆ. ನಾನು ಲಕೋಟೆಯನ್ನು ತೆರೆಯುವ ಮೊದಲು ಅವರನ್ನು ಕೋಣೆಯ ಉದ್ದಕ್ಕೂ ನಡೆಯಲು ಹೇಳುತ್ತೇನೆ, ಆಮೇಲೆ ಕೈಯೂರದೆ ಕುರ್ಚಿಯಿಂದ ಎದ್ದು ನಿಲ್ಲಲು ಹೇಳುತ್ತೇನೆ. ಎಕ್ಸ್‌ರೇಯಲ್ಲಿ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಎಲುಬಿನ ತುದಿಗಳನ್ನು ಹೊದ್ದಿರುವ ನುಣುಪಾದ ಪದರ, ನೇರವಾಗಿ ಕಾಣುವುದಿಲ್ಲ. ಎಲುಬುಗಳ ನಡುವಿನ ಅಂತರ ಕಿರಿದಾದುದನ್ನು ನೋಡಿ ಸವೆತವನ್ನು ಊಹಿಸಬೇಕಾಗುತ್ತದೆ. ಸವೆತ ಸಾಕಷ್ಟು ಕಂಡರೂ ಸಲೀಸಾಗಿ ಮೆಟ್ಟಿಲು ಹತ್ತುವವರಿದ್ದಾರೆ, ಚಿತ್ರ ಬಹುಮಟ್ಟಿಗೆ ಸರಿಯಿದ್ದೂ ನೋವಿನಿಂದ ನಿದ್ದೆಗೆಟ್ಟವರಿದ್ದಾರೆ.

ನೋವು ಎಲ್ಲಿದೆ ಎಂದು ಕೇಳಿದಾಗ ಒಂದೇ ಬೆರಳಿನಿಂದ ಗಂಟಿನ ಒಳಬದಿಯನ್ನು ತೋರಿಸುವವರ ತೊಂದರೆ ಒಂದು ಬಗೆಯದಾದರೆ, ಅಂಗೈಯನ್ನು ಮಂಡಿಚಿಪ್ಪಿನ ಮೇಲಿಟ್ಟು ಮೆಟ್ಟಿಲು ಇಳಿಯುವಾಗ ಹೆಚ್ಚು ಎನ್ನುವವರದು ಇನ್ನೊಂದು ಬಗೆಯದು. ತೊಡೆಯ ಮುಂಭಾಗದಿಂದ ಗಂಟಿನವರೆಗೆ ಕೈ ಎಳೆದು ತೋರಿಸಿದರೆ ನಾನು ಮೊದಲು ತೊಡೆಸಂದಿನ ಕೀಲನ್ನು ತಿರುಗಿಸಿ ನೋಡುತ್ತೇನೆ, ಏಕೆಂದರೆ ಎರಡೂ ಕೀಲುಗಳಿಗೆ ಅದೇ ನರಗಳ ಕವಲುಗಳು ಹೋಗುವುದರಿಂದ ಮೇಲಿನ ಕೀಲಿನ ರೋಗ ಎಷ್ಟೋ ಸಲ ಮೊಣಗಂಟಿನ ನೋವಾಗಿ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲಗೊಂಡರೆ ಅದು ಸಾಮಾನ್ಯವಾಗಿ ಸವೆತದ ಲಕ್ಷಣ. ಗಂಟೆ ಕಳೆದರೂ ಬಿಡದೆ ಕೈಬೆರಳ ಗಂಟುಗಳೂ ಊದಿದ್ದರೆ ಅದು ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ರುಮಟಾಯ್ಡ್ ಸಂಧಿವಾತ ಇರಬಹುದೆಂದು ವೈದ್ಯರ ಬಳಿಗೆ ಕಳಿಸುತ್ತೇನೆ. 2008ರಲ್ಲಿ ದಕ್ಷಿಣ ಕನ್ನಡದಲ್ಲಿ ಚಿಕೂನ್‌ಗುನ್ಯ ಹರಡಿದ್ದನ್ನು ಕಂಡವರಿಗೆ, ಜ್ವರ ಬಿಟ್ಟ ಮೇಲೂ ಗಂಟು ನೋವು ತಿಂಗಳುಗಟ್ಟಲೆ ಉಳಿಯಬಹುದೆಂದು ವಿವರಿಸಿ ಹೇಳಬೇಕಾಗಿಲ್ಲ.

ಉದ್ಯೋಗವನ್ನು ಕೇಳದೆ ನಾನು ವ್ಯಾಯಾಮ ಬರೆದುಕೊಡುವುದಿಲ್ಲ. ಮಡಿಲಲ್ಲಿ ಗೆರಸೆಯಿಟ್ಟುಕೊಂಡು ದಿನವಿಡೀ ನೆಲದಲ್ಲಿ ಕುಳಿತು ಬೀಡಿ ಕಟ್ಟುವ ಮಹಿಳೆಯರಿಗೆ ಔಷಧಕ್ಕಿಂತ ಮೊದಲು ಕಾಲು ಚಾಚಿ ಕೂರುವ ವ್ಯವಸ್ಥೆಯನ್ನೂ, ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯುವ ಅಭ್ಯಾಸವನ್ನೂ ಸೂಚಿಸುತ್ತೇನೆ. ಬಡಗುತಿಟ್ಟಿನ ಯಕ್ಷಗಾನ ಕಲಾವಿದರ ಕಥೆ ಬೇರೆ. ಮಂಡಿಯೂರಿ ರಂಗದ ಮೇಲೆ ಸುತ್ತುವ ಕುಣಿತದಿಂದ ಚಿಪ್ಪಿನ ಮುಂದಿರುವ ದ್ರವದ ಸಣ್ಣ ಚೀಲ ಊದಿಕೊಳ್ಳಬಹುದು. ನೋಡಲು ಗಾಬರಿ ಹುಟ್ಟಿಸಿದರೂ ಈ ಊತ ಕೀಲಿನ ಹೊರಗಿರುತ್ತದೆ, ಒತ್ತಡ ತಪ್ಪಿಸಿದರೆ ಬಹುತೇಕ ಇಳಿಯುತ್ತದೆ. ಆದರೆ ಆ ಭಾಗ ಕೆಂಪಾಗಿ ಬಿಸಿಯೇರಿ ಜ್ವರವೂ ಬಂದರೆ ಸೋಂಕೆಂದು ಸಂಶಯಿಸಲೇಬೇಕು. ಮಳೆಗಾಲದವರೆಗೆ ಮೇಳದ ತಿರುಗಾಟ ನಿಲ್ಲದಿರುವುದರಿಂದ ಅವರಿಗೆ ವಿಶ್ರಾಂತಿ ಎಂಬ ಸಲಹೆ ಕೊಡುವುದು ಸುಲಭ, ಪಾಲಿಸುವುದು ಕಷ್ಟ.

ಸವೆತದ ನೋವಿಗೆ ನಾನು ಹೆಚ್ಚು ಭರವಸೆಯಿಡುವುದು ತೊಡೆಯ ಮುಂಭಾಗದ ಸ್ನಾಯುವಿನ ಮೇಲೆ. ಮಲಗಿ ಮೊಣಗಂಟಿನ ಕೆಳಗೆ ಸುತ್ತಿದ ಬೈರಾಸನ್ನು (ಟವೆಲ್) ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದರಿಂದ ಹತ್ತು ಸೆಕೆಂಡು ಹಿಡಿಯುವುದರಿಂದ ಆರಂಭಿಸಿ, ಕ್ರಮೇಣ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸಕ್ಕೆ ತರುತ್ತೇನೆ. ತೂಕ ಹೆಚ್ಚಿದ್ದವರಿಗೆ ಒಂದು ಲೆಕ್ಕ ಹೇಳುತ್ತೇನೆ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಗಂಟಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ಊರುಗೋಲನ್ನು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕೆಂದರೆ ಬಹಳ ಮಂದಿ ನಂಬುವುದಿಲ್ಲ. ಅಂಗಳದಲ್ಲಿ ನಡೆಸಿ ತೋರಿಸಿದ ಮೇಲೆ ಒಪ್ಪುತ್ತಾರೆ. ಕೋಲು ಹಿಡಿದರೆ ನೆರೆಹೊರೆಯವರು ಮುದುಕಿಯಾದಳು ಎನ್ನುತ್ತಾರೆಂಬ ಸಂಕೋಚವನ್ನು ಬಿಡಿಸುವುದು ಮಾತ್ರ ಯಾವ ವ್ಯಾಯಾಮಕ್ಕಿಂತಲೂ ಕಷ್ಟದ ಕೆಲಸ.

ಮನೆಯವರಿಗೆ ಒಂದು ವಿಷಯವನ್ನು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ಮೊಣಗಂಟು ನೋವೆಂದು ಬಂದವರಲ್ಲಿ ಒಂದೇ ಕಾಲಿನ ಮೀನಖಂಡ ಹಠಾತ್ತಾಗಿ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ, ಅದು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದಲೂ ಇರಬಹುದು. ಅಂಥ ಕಾಲಿಗೆ ಎಣ್ಣೆ ಹಚ್ಚಿ ನೀವಬಾರದು, ನಾನೂ ಮುಟ್ಟುವುದಿಲ್ಲ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಲು ಹೇಳಿ ಚೀಟಿ ಬರೆದುಕೊಡುತ್ತೇನೆ.